ಸ್ಲ್ಯಾಶ್ ಜಗಲಿ

ಧ್ವನಿ ಸಂದೇಶ
ರಾಮನಗರ, 9 ಜೂನ್ 2025

…ಅಯ್ಯೋ, ತಪ್ಪಾಯ್ತು ಕಣ್ಲಾ ಮಹೀನ, ಮತ್ತೆ ಮೊದ್ಲಿಂದ ಶುರು ಮಾಡ್ತೀನಿ. ಆಗ್ಲೇ ಎರಡು ಸಲ ರೆಕಾರ್ಡ್ ಮಾಡಿ ಅಳಿಸ್ಬುಟ್ಟೆ. ಒಂದ್ರಲ್ಲಿ ಬರೀ ಮಿಕ್ಸಿ ಸದ್ದು. ಇನ್ನೊಂದ್ರಲ್ಲಿ ನನ್ನ ದನೀನೇ ಎಲೆಕ್ಷನ್‌ಗೆ ಓಟು ಕೇಳೋಕೆ ಬಂದೋನ ತರ ಇತ್ತು. ಈಗ ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ನಿಂತಿದ್ದೀನಿ, ಇಲ್ಲಿ ಕಾಗೆ ಬಿಟ್ರೆ ಯಾರಿಲ್ಲ.

ನಾನು ಜಯಕುಮಾರ. ನಂಬರ್ ಅಳಿಸ್ಬುಟ್ಟಿದ್ರೆ ಗೊತ್ತಾಗ್ಲಿ ಅಂತ ಹೇಳಿದ್ದು.

ನಾವಿಬ್ರೂ ಕಟ್ಟಿದ ಗೂಡುಬೆಲೆ ಇನ್ನೂ ಉಸಿರಾಡ್ತೈತೆ ಕಣ್ಲಾ. ರೇಷ್ಮೆಗೂಡು ಮಾರ್ಕೆಟ್‌ನಲ್ಲಿ ಬೆಳಿಗ್ಗೆ ಎಷ್ಟಕ್ಕೆ ಹೋಯ್ತು ಅಂತ ಹುಳ ಸಾಕೋರ ಫೋನಿಗೆ ತಲುಪಿಸೋ ಅದೇ ಸರ್ವಿಸ್ಸು, ಅದೇ ನಮ್ಮ ಮುದಿ ಜಾವಾ ಕೋಡು. ನೀನು ಬುಟ್ಟೋದ ಮೇಲೆ ನಾನೊಬ್ನೇ ತೇಪೆ ಹಾಕ್ಕೊಂಡು ಬಂದೆ. ಮೊನ್ನೆ ನಮ್ಮ ರೇಷ್ಮೆ ಬೆಳೆಗಾರರ ಸಂಘದ ಅಧ್ಯಕ್ಷ ಮುನಿಶಾಮಯ್ಯ ಬಂದು ಕುರ್ಚಿ ಎಳ್ಕೊಂಡು ಕೂತ. "ಜಿಲ್ಲೆ ಹೆಸ್ರು ಬೆಂಗಳೂರು ದಕ್ಷಿಣ ಆಯ್ತಲ್ಲಪ್ಪ ಕುಮಾರ, ನಮ್ಮ ವೆಬ್‌ಸೈಟಿನ ಅಡ್ರೆಸ್ಸಲ್ಲಿ ಇನ್ನೂ ರಾಮನಗರ ಜಿಲ್ಲೆ ಅಂತಾನೇ ಐತೆ, ನಾಚ್ಕೆ ಆಗಲ್ವ?" ಅಂದ. "ಅಣ್ಣ, ಊರಿನ ಹೆಸ್ರು ರಾಮನಗರಾನೇ, ಮಾರ್ಕೆಟ್ಟೂ ರಾಮನಗರದ್ದೇ" ಅಂದೆ. "ಅವೆಲ್ಲ ನಂಗೊತ್ತಿಲ್ಲ, ಬದಲಾಯ್ಸು" ಅಂದು, ಕಾಫಿ ಕುಡ್ದು ಹೋದ.

ಹೆಂಗೂ ಗೋಡೆ ಒಡೀತಿದ್ದೀವಿ, ತಳಪಾಯಾನೂ ಹೊಸದು ಹಾಕ್ಬುಡೋಣ ಅಂತ ಹೊಸ ಫ್ರೇಮ್‌ವರ್ಕ್ ಇಳಿಸ್ದೆ. ಯಾವ ಅಡ್ರೆಸ್ಸು ಬಂದ್ರೆ ಯಾವ ಕೋಡಿಗೆ ಕಳಿಸ್ಬೇಕು ಅಂತ ಬರ್ದಿಟ್ಟಿದ್ವಲ್ಲ ರೌಟ್ಸ್ ಫೈಲು, ಅದನ್ನ ತೆಗ್ದು ಮೇಲಿಂದ ಕೆಳಕ್ಕೆ ಓದ್ತಾ ಬಂದೆ. ನಾನು ಬರ್ದ ಸಾಲಿಗೆಲ್ಲ ಮೇಲೊಂದು ವಿವರಣೆ. ನೀನು ಬರ್ದಿದ್ದಕ್ಕೆ ಏನೂ ಇಲ್ಲ, ಯಾವತ್ತೂ ಇರ್ತಿರ್ಲಿಲ್ಲ. ಕೊನೇ ಸಾಲು ನಿನ್ನ ನಕ್ಷತ್ರ, ನೀನು ಹೋದ ಮೇಲೂ ನಾನು ಮುಟ್ಟಿರ್ಲಿಲ್ಲ. ಆ ಸ್ಟಾರ್. ಯಾರು ಯಾವ ಕೆಟ್ಟ ಅಡ್ರೆಸ್ ಹಾಕ್ಕೊಂಡು ಬಂದ್ರೂ, ತಪ್ಪು ಅನ್ನದೆ ಸೀದಾ ರಾಮನಗರದ ಇವತ್ತಿನ ದರ ತೋರಿಸ್ಬುಡೋ ಸಾಲು.

ಅದನ್ನ ನೋಡ್ದ ತಕ್ಷಣ ಆ ದಿನದ ಜಗಳ ಎಲ್ಲ ತಿರ್ಗಾ ಕಿವೀಲಿ ಕೇಳಿಸ್ತು. ಬೈರಾಪಟ್ಟಣದ ಮರಿಯಪ್ಪ ಕನಕಪುರದ ರೇಟು ನೋಡೋಕೆ ಹೋಗಿ ಅಡ್ರೆಸ್ಸಲ್ಲಿ ಏನೋ ತಪ್ಪು ಒತ್ತಿ, ರಾಮನಗರದ ರೇಟನ್ನ ಕನಕಪುರದ್ದು ಅಂದ್ಕೊಂಡು, ಗೂಡು ಹೇರ್ಕೊಂಡು ಅಷ್ಟು ದೂರ ಹೋಗಿ ಬಂದು ನಮ್ಮ ಬಾಗ್ಲಲ್ಲಿ ಕೂಗಾಡಿದ್ನಲ್ಲ. ತಪ್ಪು ಅಡ್ರೆಸ್ಸಿಗೆ ತಪ್ಪು ಅಂತ ಹೇಳ್ಬೇಕು, ಇಂಥ ಪುಟ ಇಲ್ಲ ಅನ್ನೋ ನಾನೂರ ನಾಲ್ಕು ಕೊಟ್ಟು ಕಳಿಸ್ಬೇಕು ಅಂತ ನಾನು. "ದಾರಿ ತಪ್ಪಿ ಬಂದೋನ ಮುಖದ ಮೇಲೆ ಬಾಗ್ಲು ಹಾಕೋದು ನಮ್ಮನೇಲಿ ಅಭ್ಯಾಸ ಇಲ್ಲ" ಅಂತ ನೀನು. ಒಂದು ಸಾಲು ಕೋಡಿಗೆ ಹದಿನಾರು ವರ್ಷದ ಸ್ನೇಹ. ನಾನು ಹೇಳಿದ್ದೇ ಸರಿ ಅಂತ ಈಗ್ಲೂ ಹೇಳ್ತೀನಿ, ಆದ್ರೂ ಆಮೇಲೆ ಫೋನ್ ಮಾಡ್ದೋನು ನಾನೇ ತಾನೆ? "ಬಾರ್ಲಾ, ಇಬ್ರೂ ಕೂತು ಸರಿ ಮಾಡೋಣ" ಅಂತ ಎಷ್ಟೊತ್ತು ಹೇಳ್ದೆ. ನೀನು ಬರೀ ಹೂಂ ಹೂಂ ಅಂದು ಇಟ್ಬುಟ್ಟೆ. ವಾರದೊಳಗೆ ಚನ್ನಪಟ್ಟಣದ ಮನೆ ಖಾಲಿ ಮಾಡಿ, ತಾಹೇರಾ ಅವರ ತವರು ಅಂತ ಮಾಗಡಿ ಸೇರ್ಕೊಂಡೆ. ಆರು ವರ್ಷ ಆಯ್ತು.

ಇರ್ಲಿ. ಕೇಳ್ಬೇಕಾಗಿರೋದು ಇದಲ್ಲ. ಆ ಫೈಲಿನ ನಡುವೆ ನಿನ್ನ ಕೈದು ಇನ್ನೊಂದು ಸಾಲೈತೆ, ಓರೆಗೆರೆ ಹಾಕಿ ಮುಂದೆ ಜಗಲಿ ಅಂತ. ಸ್ಲ್ಯಾಶ್ ಜಗಲಿ. ತೆಗ್ದು ನೋಡಿದ್ರೆ ಒಂದಕ್ಷರ ಇಲ್ಲ, ಮೂರು ಪಟ್ಟಿ, ಒಂದೊಂದ್ರಲ್ಲೂ ಅಂಗೈ ಅಗಲದ ಅಂಕಿ. ಒಂದು ಪಟ್ಟಿ ಹಸಿರು, ಎರಡು ಕೆಂಪು. ಇದೇನ್ಲಾ? ಯಾರಿಗೆ? ಬೇಕಾ, ಬ್ಯಾಡ್ವಾ? ಅಷ್ಟು ಹೇಳ್ಬುಡು, ಸಾಕು.

ಇಂತಿ ನಿನ್ನ, ಅದೇ ಬಾಯಿಬಡುಕ,
ಕುಮಾರ

*

ಧ್ವನಿ ಸಂದೇಶ
ರಾಮನಗರ, 28 ಜೂನ್ 2025

ನೀಲಿ ಗೆರೆ ಎರಡೂ ಬಂದೈತೆ ಕಣ್ಲಾ. ಕೇಳಿದ್ದೀಯ ಅಂತಾಯ್ತು. ಕೇಳ್ಬುಟ್ಟು ಸುಮ್ನಿದ್ದೀಯ. ಸುಮ್ನಿರು, ನಾನು ಮಾತಾಡ್ತೀನಿ, ನಂಗೆ ಅಭ್ಯಾಸ.

ರಾಧಾಮಣಿ ಕೆಳಗಿಂದ ಕೂಗ್ತಾ ಅವ್ಳೆ, "ಯಾರ ಹತ್ರ ಅಷ್ಟೊತ್ತಿಂದ?" ಅಂತ. ಮಹೀನ ಅಂದೆ. "ಮದ್ವೆ ಆದಾಗಿಂದ ನನಗೊಂದು ವಾಯ್ಸ್ ನೋಟು ಕಳಿಸಿದ್ರಾ?" ಅಂದ್ಲು. ಒಂದೇ ಮನೇಲಿರೋಳಿಗೆ ಏನಂತ ಕಳಿಸ್ಲಿ, ನೀನೇ ಹೇಳು.

ಹೊಸ ಫ್ರೇಮ್‌ವರ್ಕಲ್ಲಿ ರೌಟ್ಸ್ ಫೈಲೇ ಇಲ್ಲ ಗೊತ್ತಾ. ಕೋಡಿನ ಕ್ಲಾಸಿನ ತಲೆ ಮೇಲೆ ಒಂದು ಪಾತ್, ಅಡ್ರೆಸ್ಸಿನ ಒಂದು ತುಂಡು, ಅದರೊಳಗಿನ ಮೆಥಡ್ ತಲೆ ಮೇಲೊಂದು ಪಾತ್, ಇಡೀ ಅಪ್ಲಿಕೇಶನ್ನಿಗೆ ಇನ್ನೊಂದು. ಮೂರೂ ಜೋಡಿಸ್ಕೊಂಡು ತಾನೇ ಅಡ್ರೆಸ್ ಮಾಡ್ಕೊಳ್ತೈತೆ. ನಾನೇನ್ ಮಾಡ್ದೆ, ಅಪ್ಲಿಕೇಶನ್ನಿಗೂ ದರ ಅಂತ ಕೊಟ್ಟೆ, ಕ್ಲಾಸಿಗೂ ದರ ಅಂತ ಕೊಟ್ಟೆ. ಸ್ಲ್ಯಾಶ್ ದರ ಸ್ಲ್ಯಾಶ್ ದರ ಆಗಿ ಕೂತೈತೆ ಒಳಗೆ, ನಾನು ಹೊರಗಡೆ ಒಂದೇ ದರ ಹಾಕ್ಕೊಂಡು ಬಾಗ್ಲು ತಟ್ಟಿದ್ದೇ ತಟ್ಟಿದ್ದು. ಅರ್ಧ ದಿನ ಹೋಯ್ತು. ನೀನಿದ್ದಿದ್ರೆ ಹಿಂದಿಂದ ಬಗ್ಗಿ ನೋಡಿ, ಬೆರಳಿಟ್ಟು ತೋರಿಸಿ, ಒಂದು ಮಾತೂ ಆಡದೆ ಟೀ ಕುಡಿಯೋಕೆ ಹೋಗಿರ್ತಿದ್ದೆ.

ಇನ್ನೊಂದೈತೆ. ನಿನ್ನ ಹಳೇದು ಮೇಲಿಂದ ಕೆಳಕ್ಕೆ ಓದ್ಕೊಂಡು ಬಂದು, ಮೊದ್ಲು ಯಾವ್ದು ಹೊಂದ್ತೋ ಅಲ್ಲಿಗೆ ತಳ್ತಿತ್ತು. ಅದಕ್ಕೇ ಅಲ್ವಾ ನಕ್ಷತ್ರಾನ ಕೊನೇಗೆ ಇಟ್ಟಿದ್ದು, ಮೇಲಿಟ್ರೆ ಎಲ್ಲರನ್ನೂ ಅದೇ ನುಂಗ್ಬುಡ್ತಿತ್ತು. ಹೊಸದು ಹಂಗಲ್ಲ. ಯಾರು ಮುಂದೆ ನಿಂತವ್ರೆ ಅಂತ ನೋಡಲ್ಲ, ಬಂದಿರೋ ಅಡ್ರೆಸ್ಸಿಗೆ ಯಾವ್ದು ಹೆಚ್ಚು ಹತ್ರ ಅಂತ ನೋಡ್ತೈತೆ. ನಕ್ಷತ್ರ ಎಲ್ಲೇ ಇದ್ರೂ ಅದರ ಸರದಿ ಕೊನೇಗೇ. ನಂಗೆ ಅದು ಬಲೇ ಹಿಡಿಸ್ತು.

ಜಿಲ್ಲೆ ಹೆಸ್ರಿಂದೂ ಆಯ್ತು. ಹಳೇ ಹೆಸ್ರಲ್ಲಿ ಬಂದೋರ್ನ ಮುನ್ನೂರ ಒಂದು, ಅಡ್ರೆಸ್ ಬದಲಾಗೈತೆ ಅಂತ ಹೊಸ ಹೆಸ್ರಿಗೆ ಸಾಗಹಾಕೋದು. ನಮ್ಮ ತಾತ ಸಾಯೋವರ್ಗೂ ಈ ಊರನ್ನ ಕ್ಲೋಸ್‌ಪೇಟೆ ಅಂತಿದ್ದ, ರೈಲಿನೋರು ರಾಮನಗರಕ್ಕೇ ಟಿಕೆಟ್ ಕೊಡ್ತಿದ್ರು, ತಾತ ಸರಿಯಾಗೇ ಬಂದು ಇಳೀತಿದ್ದ. ಅಷ್ಟೇ ಇದು. ಮುನಿಶಾಮಯ್ಯಂಗೆ ಹಂಗೇ ವಿವರಿಸ್ದೆ, ತಲೆ ಆಡಿಸ್ದ.

ನಕ್ಷತ್ರಾನ ತೆಗೀತಿದ್ದೀನಿ ಕಣ್ಲಾ. ಜಗಳ ಮುಂದುವರ್ಸೋಕೆ ಅಲ್ಲ. ಮರಿಯಪ್ಪನ ಮುಖ ಇನ್ನೂ ಕಣ್ಮುಂದೆ ಐತೆ. ಜಗಲಿ ಸಾಲನ್ನ ಏನ್ ಮಾಡ್ಲಿ? ನೀನು ಏನೋ ಪರೀಕ್ಷೆ ಮಾಡೋಕೆ ಬರ್ದು ಮರ್ತಿರ್ಬೇಕು ಅನ್ಸುತ್ತೆ. ಹದಿನೈದು ದಿನ ಕಾಯ್ತೀನಿ. ಏನೂ ಹೇಳ್ಲಿಲ್ಲ ಅಂದ್ರೆ ಅದನ್ನ ಹೊಸ ಮನೆಗೆ ಹೊತ್ಕೊಂಡು ಹೋಗಲ್ಲ.

ನಿನ್ನ ಮೌನ ಕೇಳಿ ಕೇಳಿ ಸುಸ್ತಾದ,
ಕುಮಾರ

*

ಮಾಗಡಿ, 30 ಜೂನ್ 2025

ಬರೆದು ಕಳಿಸು.

ಮಹೀನ್

*

ಧ್ವನಿ ಸಂದೇಶ
ರಾಮನಗರ, 14 ಜುಲೈ 2025

ಎರಡು ಪದ! ಆರು ವರ್ಷಕ್ಕೆ ಎರಡು ಪದ. ಅದೂ ಅಪ್ಪಣೆ.

ಖುಷಿ ಆಯ್ತು ಅಂತ ಮೊದ್ಲು ಹೇಳ್ಬುಡ್ತೀನಿ. ರಾಧಾಮಣಿಗೆ ತೋರಿಸ್ದೆ, ಸಿರಿಗೂ ತೋರಿಸ್ದೆ. ಮಗಳು "ಇದಕ್ಕಾ ಇಷ್ಟು ನಗ್ತಿರೋದು?" ಅಂದ್ಲು. ಆಮೇಲೆ ಕೂತು ಯೋಚ್ನೆ ಮಾಡಿದಾಗ ಒಸಿ ಕೋಪ ಬಂತು. ಆಫೀಸಲ್ಲೂ ನಿನ್ನದು ಇದೇ ರಾಗ ಇತ್ತು, "ಬಾಯಲ್ಲಿ ಹೇಳ್ಬೇಡ ಕುಮಾರ, ಬರ್ದು ಕಳಿಸು." ಪಕ್ಕದ ಕುರ್ಚೀಲಿ ಕೂತೋನಿಗೆ ಈಮೇಲು! ನಾನು ಟೈಪ್ ಮಾಡಲ್ಲ ಹೋಗ್ಲಾ. ನಂಗೆ ಕೋಡ್ ಬರಿಯೋಕೆ ಕೈ ಬೇಕು, ಗೆಳೆಯನ ಹತ್ರ ಮಾತಾಡೋಕೆ ಬಾಯಿ ಬೇಕು. ನೀನು ಕೇಳಿಸ್ಕೋ, ಇಲ್ಲಾಂದ್ರೆ ಬುಡು.

ಹೊಸದು ನಿನ್ನೆ ಭಾನುವಾರ ಚಾಲೂ ಆಯ್ತು. ಎಲ್ಲ ಅಡ್ರೆಸ್ಸೂ ನೆಟ್ಟಗೆ ಹೋಗ್ತಾವೆ. ತಪ್ಪು ಬಂದ್ರೆ ಬೆಳ್ಳಗಿರೋ ಹಾಳೆ, ನಡುವೆ ದೊಡ್ಡದಾಗಿ ನಾನೂರ ನಾಲ್ಕು, ಕೆಳಗೆ ಇಂಗ್ಲಿಷಲ್ಲಿ ಎರಡು ಸಾಲು ಸಣ್ಣಗೆ. ಚೊಕ್ಕಟವಾಗೈತೆ. ಜಗಲಿ ಬರ್ಲಿಲ್ಲ. ನೀನು ಹೇಳ್ಲಿಲ್ಲ, ನಾನು ತರ್ಲಿಲ್ಲ.

ಆದ್ರೂ ಹಳೇ ಸರ್ವರ್ ಆರ್ಸೋವಾಗ ಕೈ ಒಸಿ ತಡೀತು ಕಣ್ಲಾ. ಅದ್ರಲ್ಲಿದ್ದಿದ್ದು ಅರ್ಧ ನಿಂದು.

ಟೈಪ್ ಮಾಡದ,
ಕುಮಾರ

*

ಧ್ವನಿ ಸಂದೇಶ
ಕೋಡಿಹಳ್ಳಿ, 18 ಜುಲೈ 2025

ಮಹೀನ, ಲೇ ಮಹೀನ. ನಾನು ಕೋಡಿಹಳ್ಳೀಲಿ ಇದ್ದೀನಿ. ನಮ್ಮ ಅಣ್ಣನ ಮನೆ ಹಿಂದೆ ಹಿಪ್ಪುನೇರಳೆ ತೋಟದಲ್ಲಿ. ನೀನು ಚೆನ್ನಾಗಿದ್ದೀಯ ತಾನೆ? ಮೊದ್ಲು ಅದನ್ನ ಹೇಳು. ಉಳಿದಿದ್ದು ಆಮೇಲೆ.

ಬೆಳಿಗ್ಗೆ ನಾಗರಾಜಣ್ಣ ಫೋನ್ ಮಾಡ್ದ. "ಅವ್ವ ಊಟ ಸರಿಯಾಗಿ ಮಾಡ್ತಿಲ್ಲ, ಜಗಲಿ ಮ್ಯಾಲೂ ಕೂರ್ತಿಲ್ಲ, ಬಂದೋಗ್ಲಾ" ಅಂದ. ಬೈಕ್ ಹಾಕ್ಕೊಂಡು ಬಂದೆ. ಒಳಕೋಣೇಲಿ ಗೋಡೆ ಕಡೆ ತಿರುಗಿ ಮಲ್ಗಿತ್ತು. ಎದ್ದಿದ್ದೇ ನನ್ನ ಕೈ ಹಿಡ್ಕೊಂಡು ಕೇಳ್ತು, "ಆ ಮಹೀನಂಗೆ ಏನಾಯ್ತು ಯೋಳು ಮಗ. ನನ್ನತ್ರ ಮುಚ್ಚಿಡಬ್ಯಾಡ."

ನಂಗೆ ತಲೆ ಬುಡ ಗೊತ್ತಾಗ್ಲಿಲ್ಲ. "ಏನೂ ಆಗಿಲ್ಲ ಕಣವ್ವ, ಯಾಕೆ?" ಅಂದೆ. ದಿಂಬಿನ ಕೆಳಗಿಂದ ತನ್ನ ಫೋನ್ ತೆಗೀತು. ಗಾಜು ಬಿರ್ಕು ಬಿಟ್ಟೈತೆ, ಹೊಸದು ಕೊಡ್ಸಿದ್ರೂ ಇದನ್ನ ಬಿಡಲ್ಲ ಅಂತ ವರ್ಷದಿಂದ ಹಟ. ಒಂದೇ ಒಂದು ಗುರುತು ಒತ್ತಿ ನನ್ನ ಮುಖಕ್ಕೆ ಹಿಡೀತು. ಬೆಳ್ಳಗಿರೋ ಹಾಳೆ. ನಡುವೆ ನಾನೂರ ನಾಲ್ಕು.

ಜಗಲಿ ಕಣ್ಲಾ. ಸ್ಲ್ಯಾಶ್ ಜಗಲಿ.

ನಮ್ಮವ್ವಂಗೆ ಅಕ್ಷರ ಬರಲ್ಲ, ಅಂಕಿ ಬರ್ತೈತೆ. ಅದು ನಿಂಗೆ ಗೊತ್ತಿತ್ತು. ನಂಗೂ ಗೊತ್ತಿತ್ತು, ಆದ್ರೆ ನಂಗೆ ಹೊಳೀಲಿಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಜಗಲಿ ಮೇಲೆ ಕೂತು ಮೂರು ಊರಿನ ರೇಟು ಓದಿ ಹೇಳ್ತಿತ್ತಂತೆ. ಮ್ಯಾಲಿನದು ರಾಮನಗರ, ನಡುವಿಂದು ಕನಕಪುರ, ಕೆಳಗಿಂದು ಚನ್ನಪಟ್ಟಣ. ಹಸಿರಿದ್ರೆ ನಿನ್ನೆಗಿಂತ ಜಾಸ್ತಿ, ಕೆಂಪಿದ್ರೆ ಕಮ್ಮಿ. ಬೀದಿಯೋರೆಲ್ಲ ಬಂದು "ಮಾಯಮ್ಮ, ಇವತ್ತು ಎಷ್ಟು?" ಅಂತ ಕೇಳ್ಕೊಂಡು ಮಾರ್ಕೆಟ್ಟಿಗೆ ಹೊರಡೋದು. ಅವ್ವಂಗೆ ರೇಟನ್ನ ನಾನು ಫೋನ್ ಮಾಡಿ ಹೇಳ್ತೀನಿ ಅಂತ ನಾಗರಾಜಣ್ಣ ಅಂದ್ಕೊಂಡಿದ್ದ, ಅವನು ಹೇಳ್ತಾನೆ ಅಂತ ನಾನು ಅಂದ್ಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ನಮ್ಮವ್ವ ನಾನೂರ ನಾಲ್ಕು ಅಂತ ಓದ್ತು. ರೇಟು ಅಂದ್ಕೊಂಡೇ ಓದ್ತು. ಊರೆಲ್ಲ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಬುಡ್ತಂತೆ, ಅಷ್ಟು ಬಿದ್ದೋಯ್ತಾ ಅಂತ. ಪಕ್ಕದ್ಮನೆ ದೊಡ್ಡಹನುಮಯ್ಯನ ಗೂಡು ಬಿಡಿಸಿ ಆಗಿತ್ತು, ಇನ್ನೆರಡು ದಿನ ಇಟ್ರೆ ಚಿಟ್ಟೆ ತೂತು ಕೊರೀತೈತೆ. ಮಾರ್ಕೆಟ್ಟಿಗೆ ಹೋಗೋ ಖರ್ಚು ಯಾಕೆ ಅಂತ ಬಾಗ್ಲಿಗೆ ಬಂದ ದಳ್ಳಾಳಿಗೇ ತೂಕ ಹಾಕ್ಸೋಕೆ ಕೂತಿದ್ನಂತೆ. ಮಂಗಳವಾರಾನೂ ನಾನೂರ ನಾಲ್ಕು. ಅವಾಗ ನಮ್ಮವ್ವಂಗೆ ಅನುಮಾನ ಬಂತು. ಸೀದಾ ಹೋಗಿ ತಕ್ಕಡಿ ಹಿಡ್ಕೊಂಡು, "ತಡ್ಕಳಯ್ಯ ದೊಡ್ಡಹನುಮಯ್ಯ. ಮಾರ್ಕೆಟ್ಟು ಯಾವತ್ತೂ ಎರಡು ದಿನ ಒಂದೇ ರೇಟು ಕೊಡಕಿಲ್ಲ. ಇದು ರೇಟಲ್ಲ" ಅಂತಂತೆ. ಅವನು ಟೆಂಪೋ ಮಾಡ್ಕೊಂಡು ರಾಮನಗರಕ್ಕೇ ಹೋದ, ಬಚಾವಾದ.

"ರೇಟಲ್ಲ ಅಂದ್ರೆ ಇನ್ನೇನು ಅಂದ್ಕೊಂಡೆ ಅವ್ವ?" ಅಂತ ಕೇಳ್ದೆ.

"ಆ ಹುಡ್ಗ ಇಲ್ವೇನೋ ಅಂದ್ಕೊಂಡೆ."

ಅದಕ್ಕೆ ಗೊತ್ತೇ ಇಲ್ಲ ಕಣ್ಲಾ, ಸರ್ವರ್ರು, ತಾನಾಗೇ ಬರೋದು, ಅವೆಲ್ಲ. ದಿನಾ ಬೆಳಿಗ್ಗೆ ನೀನೇ ಎದ್ದು ಮುಖ ತೊಳ್ಕೊಂಡು ಅದಕ್ಕೆ ಅಂತ ಬರ್ದು ಕಳಿಸ್ತೀಯ ಅಂದ್ಕೊಂಡೈತೆ. "ಬಣ್ಣ ಬಂತು ಅಂದ್ರೆ ಮಹೀನ ಎದ್ದವ್ನೆ ಅಂತ ಲೆಕ್ಕ. ನೀವಿಬ್ರು ಮಾತು ಬುಟ್ರೂ ನನ್ನ ಬುಡ್ಲಿಲ್ಲ ಅವ್ನು" ಅಂತು. ಹಬ್ಬದ ದಿನಾನೂ ತಪ್ಪಿಸ್ಲಿಲ್ಲ ಅಂತ ಹೆಮ್ಮೆ ಬೇರೆ.

ಲ್ಯಾಪ್‌ಟಾಪ್ ಇಲ್ಲಿಗೇ ತಂದಿದ್ದೆ. ಜಗಲೀನ ಹೊಸದ್ರಲ್ಲಿ ಕೂರ್ಸಿ ಈಗ ತಾನೇ ಬಿಟ್ಟೆ. ಬಣ್ಣ ಬಂತು. ನಮ್ಮವ್ವ ನೋಡ್ತು, ಆದ್ರೆ ನಗ್ಲಿಲ್ಲ. "ಇದು ನೀನು ಮಾಡಿದ್ದು. ಅವ್ನು ಎದ್ದವ್ನಾ ಅಂತ ಕೇಳು" ಅಂತು.

ಕೇಳ್ತಿದ್ದೀನಿ ಕಣ್ಲಾ. ಎದ್ದಿದ್ದೀಯಾ?

ಕುಮಾರ

*

ಮಾಗಡಿ, 21 ಜುಲೈ 2025

ಪ್ರೀತಿಯ ಕುಮಾರ್ ಅಂಕಲ್,

ನಾನು ಕೆಹಕಶಾನ್, ಮಹೀನ್ ಅವರ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಈಗ ಇಲ್ಲೇ ಮಾಗಡಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಅಬ್ಬು ಚೆನ್ನಾಗಿದ್ದಾರೆ. ದಿನಾ ಬೆಳಿಗ್ಗೆ ಏಳುತ್ತಾರೆ. ಇದನ್ನು ಮೊದಲು ಅಜ್ಜಿಗೆ ಹೇಳಿಬಿಡಿ.

ಈ ಪತ್ರ ಬರೆಯುತ್ತಿರುವುದು ಅಬ್ಬುಗೆ ಗೊತ್ತಿಲ್ಲ. ಅಮ್ಮಿಗೆ ಗೊತ್ತು. "ಬರಿ, ಬೈದರೆ ನಾನು ನೋಡಿಕೊಳ್ಳುತ್ತೇನೆ" ಎಂದಿದ್ದಾರೆ.

ಅಂಕಲ್, ಅಬ್ಬುಗೆ ಕಿವಿ ಕೇಳಿಸುವುದಿಲ್ಲ. ಎಡಕಿವಿ ನಾವು ಚನ್ನಪಟ್ಟಣದಲ್ಲಿ ಇದ್ದಾಗಲೇ ಹೋಗುತ್ತಿತ್ತು. ಬಲಕಿವಿ ನಿಧಾನವಾಗಿ ಹೋಯಿತು, ಆದರೆ ಫೋನಿನ ಮಾತು ಆಗಲೇ ಅದಕ್ಕೆ ತಿಳಿಯುತ್ತಿರಲಿಲ್ಲ. ಈಗ ಎದುರು ಕೂತು ತುಟಿ ನೋಡಿದರೆ ಅರ್ಧ ಗೊತ್ತಾಗುತ್ತದೆ, ಫೋನಿನಲ್ಲಿ ಏನೂ ಇಲ್ಲ. ಕಿವಿಗೆ ಹಾಕುವ ಮಿಷನ್ ತಂದೆವು. ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ ಎಂದು ಬೀರುವಿನಲ್ಲಿ ಇಟ್ಟಿದ್ದಾರೆ. ಪಕ್ಕದ ಮನೆಯವರಿಗೂ ಹೇಳಿಲ್ಲ. ಕೇಳಿಸದಿದ್ದಾಗ ಹೂಂ ಹೂಂ ಎಂದು ತಲೆ ಆಡಿಸುತ್ತಾರೆ. ನೀವು ಆ ದಿನ ಫೋನ್ ಮಾಡಿ ಏನು ಹೇಳಿದಿರಿ ಎಂಬುದು ಅವರಿಗೆ ಗೊತ್ತಾಗಿದ್ದು ಈ ಜೂನ್ ತಿಂಗಳಲ್ಲಿ, ನಿಮ್ಮ ಮೊದಲ ವಾಯ್ಸ್ ನೋಟಿನಿಂದ.

ಹೇಗೆಂದರೆ, ಅವನ್ನು ಕೇಳುತ್ತಿರುವುದು ನಾನು. ಕೇಳಿ ಕಾಗದದ ಮೇಲೆ ಬರೆದು ಅವರ ಮುಂದೆ ಇಡುತ್ತೇನೆ. ಮೊದಲು ಮಾತನ್ನು ಅಕ್ಷರ ಮಾಡುವ ಆ್ಯಪ್ ಹಾಕಿದೆವು, ಅದಕ್ಕೆ ನಿಮ್ಮ ಕನ್ನಡ ಅರ್ಥವಾಗಲೇ ಇಲ್ಲ. ನೀವು "ಬುಟ್ಟೋದೆ" ಎಂದಾಗಲೆಲ್ಲ ಅದು ಬುಟ್ಟಿಯ ವಿಷಯ ಬರೆಯುತ್ತಿತ್ತು. ಅಬ್ಬು ಎರಡು ಸಾಲು ಓದಿ, "ಇವನು ಬುಟ್ಟಿ ವ್ಯಾಪಾರ ಯಾವಾಗ ಶುರು ಮಾಡಿದ?" ಎಂದು ಕೇಳಿದರು. ತುಂಬ ದಿನದ ಮೇಲೆ ಅಷ್ಟು ನಕ್ಕಿದ್ದು. ಅದಕ್ಕೇ ನಾನೇ ಬರೆಯಲು ಕೂತೆ. ಸ್ಲ್ಯಾಶ್ ಎಂದಾಗ ಅಕ್ಷರದಲ್ಲಿ ಬರೆಯಬೇಕೋ ಗೆರೆ ಎಳೆಯಬೇಕೋ ಎಂದು ಕೇಳಿದರೆ, "ಅವನು ಹೇಗೆ ಹೇಳಿದನೋ ಹಾಗೇ ಬರಿ, ಅವನ ದನಿ ಬೇಕು ನನಗೆ" ಎಂದರು.

"ಬರೆದು ಕಳಿಸು" ಎಂದಿದ್ದು ಅಪ್ಪಣೆಯಲ್ಲ ಅಂಕಲ್. ಆ ಎರಡು ವಾರ ನನಗೆ ಪರೀಕ್ಷೆ ಇತ್ತು. ನಿಮ್ಮ ಎರಡನೆಯದನ್ನು ಪೂರ್ತಿ ಬರೆಯಲು ಆಗಿರಲಿಲ್ಲ, ಜಗಲಿಯನ್ನು ಬಿಟ್ಟುಬಿಡುವ ಮಾತು ಅದರ ಕೊನೆಯಲ್ಲಿತ್ತು. ಅವರು ಓದುವಷ್ಟರಲ್ಲಿ ನೀವು ತೆಗೆದು ಆಗಿತ್ತು. ಅದು ನನ್ನಿಂದ ಆಗಿದ್ದು. ಅಜ್ಜಿಯ ವಿಷಯ ಬರೆಯುವಾಗ ನನಗೆ ತಡೆಯಲಾಗಲಿಲ್ಲ. ಅಬ್ಬು ಆ ಹಾಳೆಯನ್ನು ಓದಿ ಹೊರಗೆ ಹೋಗಿ ತುಂಬ ಹೊತ್ತು ಗಿಡಕ್ಕೆ ನೀರು ಹಾಕುತ್ತಾ ನಿಂತಿದ್ದರು. ಮಳೆ ಬರುತ್ತಿತ್ತು.

ದಯವಿಟ್ಟು ಮಾತಾಡುವುದನ್ನು ನಿಲ್ಲಿಸಬೇಡಿ. ನಾನು ಬರೆಯುತ್ತೇನೆ.

ನಿಮ್ಮ,
ಕೆಹಕಶಾನ್

*

ಮಾಗಡಿ, 24 ಜುಲೈ 2025

ಕುಮಾರ,

ಮಗಳು ಪತ್ರ ಬರೆದ ವಿಷಯ ತಾಹೇರಾ ಹೇಳಿದಳು. ಬೈಯಬೇಕೆಂದು ಎದ್ದೆ. ಇಬ್ಬರೂ ಒಟ್ಟಿಗೆ ಮಾತಾಡಿದರು. ಒಂದೂ ಕೇಳಿಸಲಿಲ್ಲ. ಸುಮ್ಮನೆ ಕೂತೆ.

ಜಗಲಿಯದನ್ನು ಹೇಳುತ್ತೇನೆ. ಜಗಳವಾದ ಮಾರನೆಯ ದಿನ ನಾನು ಕೋಡಿಹಳ್ಳಿಗೆ ಹೋಗಿದ್ದೆ. ನಿನ್ನ ಮೇಲೆ ನಿನ್ನ ಅವ್ವನ ಹತ್ತಿರ ದೂರು ಹೇಳಲು. ಅವರು ಕೂರಿಸಿ ಮುದ್ದೆ, ಬಸ್ಸಾರು ಬಡಿಸಿದರು. ಎರಡನೆಯ ಮುದ್ದೆ ಹಾಕುತ್ತಾ, "ಬೆಳಿಗ್ಗೆ ರೇಟು ತಿಳ್ಕಬೇಕಾದ್ರೆ ನಾಗರಾಜು ಏಳೋಗಂಟ ಕಾಯ್ಬೇಕು ಕಣಪ್ಪ, ನಂಗೇ ಗೊತ್ತಾಗೋ ಹಂಗೆ ಏನಾರ ಮಾಡಕಾಯ್ತದಾ?" ಎಂದರು. ಆಗ ನನಗೆ ಒಂದು ಕಿವಿ ಇತ್ತು, ಅವರು ಆ ಕಡೆಯೇ ಕೂತಿದ್ದರು. ಜಗಲಿಯ ಮೇಲೆ ಕೂತು ಬರೆದೆ, ಅವರ ಫೋನಿಗೆ ಹಾಕಿಕೊಟ್ಟೆ. ದೂರು ಹೇಳುವುದು ಮರೆತೇ ಹೋಯಿತು. ಬಸ್ಸಿನಲ್ಲಿ ನೆನಪಾಯಿತು.

ನಿನಗೆ ಹೇಳಬಹುದಿತ್ತು. ಹೇಳಿದರೆ ನೀನು ಫೋನ್ ಮಾಡುತ್ತಿದ್ದೆ. ಫೋನ್ ಬಂದರೆ ನನಗೆ ಭಯವಾಗುತ್ತಿತ್ತು.

ಇನ್ನು ಕೆಲಸದ ಮಾತು. ನನ್ನ ನಕ್ಷತ್ರ ಮರಿಯಪ್ಪನಿಗೆ ಊರು ತಪ್ಪಿದ ರೇಟು ಹೇಳಿತು. ನಿನ್ನ ನಾನೂರ ನಾಲ್ಕು ಅವ್ವನಿಗೆ ಇಲ್ಲದ ರೇಟು ಹೇಳಿತು. ಇಬ್ಬರದೂ ಆಯಿತು. ಹೀಗೆ ಮಾಡು: ನಕ್ಷತ್ರವನ್ನು ತಿರುಗಿ ತಾ, ನಿನ್ನ ಹೊಸ ಫ್ರೇಮ್‌ವರ್ಕಿನಲ್ಲಿ ಅದು ಹೇಗೂ ಕೊನೆಗೇ ನಿಲ್ಲುತ್ತದೆ. ಮೆಷಿನ್‌ಗಳಿಗೆ ನಾನೂರ ನಾಲ್ಕನ್ನೇ ಹೇಳಲಿ, ಅದು ನಿಜ. ಆದರೆ ಮನುಷ್ಯರಿಗೆ ತೋರಿಸುವ ಹಾಳೆಯಲ್ಲಿ ಒಂದು ಅಂಕಿಯೂ ಬೇಡ. ಮೂರು ಊರು ತೋರಿಸು, ಯಾವ ಊರಿಗೆ ಎಂದು ಕೇಳು. ಬಂದವರಿಗೆ ಸುಳ್ಳು ಹೇಳುವುದೂ ಬೇಡ, ಬಾಗಿಲು ಹಾಕುವುದೂ ಬೇಡ. ಕೂರಿಸಿ ಕೇಳು.

ನೀನು ಬರೆದ ಜಗಲಿಯನ್ನು ನೋಡಿದೆ. ಹಸಿರು ಸ್ವಲ್ಪ ತೆಳುವಾಯಿತು. ಅವರಿಗೆ ಬಿಸಿಲಿನಲ್ಲಿ ಕಾಣುವುದಿಲ್ಲ.

ಎದ್ದಿದ್ದೇನೆ ಎಂದು ಅವ್ವನಿಗೆ ಹೇಳು.

ಮಹೀನ್

*

ರಾಮನಗರ, 16 ಆಗಸ್ಟ್ 2025

ಪ್ರಿಯ ಮಹೀನನಿಗೆ,

ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುವುದು. ನೋಡು, ಟೈಪ್ ಮಾಡಿದ್ದೇನೆ. ಮೂರು ವಾರ ತಗೊಂಡಿತು. ಅಷ್ಟು ದಿನ ಏನು ಹೇಳಬೇಕೋ ತಿಳಿಯಲಿಲ್ಲ, ತಿಳಿದ ಮೇಲೆ ಒತ್ತು ಅಕ್ಷರ ಎಲ್ಲಿದೆ ಎಂದು ತಿಳಿಯಲಿಲ್ಲ.

ನೀನು ಹೇಳಿದ ಹಾಗೆ ಮಾಡಿದೆ. ತಪ್ಪು ದಾರಿಯಲ್ಲಿ ಬಂದವರಿಗೆ ಈಗ ಮೂರು ಊರಿನ ಚಿತ್ರ ಬರುತ್ತದೆ: ರಾಮನಗರಕ್ಕೆ ಬೆಟ್ಟ, ಕನಕಪುರಕ್ಕೆ ಹೊಳೆ, ಚನ್ನಪಟ್ಟಣಕ್ಕೆ ಗೊಂಬೆ. ಸಿರಿ ಬರೆದಳು. ಮರಿಯಪ್ಪ ನೋಡಿ, ಮೊದಲೇ ಹೀಗೆ ಮಾಡೋಕೆ ನಿಮಗೇನು ದಾಡಿ ಆಗಿತ್ತು ಎಂದ. ಹಸಿರು ದಟ್ಟ ಮಾಡಿದೆ.

ಅವ್ವನಿಗೆ ನೀನು ಎದ್ದಿರುವೆ ಎಂದು ಹೇಳಿದೆ. ನಂಬಲಿಲ್ಲ. ಕಿವಿಯ ವಿಷಯವನ್ನೂ ಹೇಳಿದೆ, ಕ್ಷಮಿಸು. ಅದಕ್ಕೆ, "ಕಿವಿ ಕೇಳಕಿಲ್ಲ ಅಂದ್ರೆ ಹತ್ರ ಹೋಗಿ ಮಾತಾಡ್ಬೇಕಪ್ಪ, ದೂರದಿಂದ ಕೂಗಿದ್ರೆ ಹೆಂಗೆ?" ಎಂದಿತು.

ಬೆರಳು ನೋಯುತ್ತಿದೆ. ಇಲ್ಲಿಗೆ ಮುಗಿಸುವೆ.

ಇಂತಿ ನಿನ್ನ ವಿಶ್ವಾಸಿ,
ಜಯಕುಮಾರ

*

ಧ್ವನಿ ಸಂದೇಶ
ಮಾಗಡಿ, 7 ಸೆಪ್ಟೆಂಬರ್ 2025

ಕೆಹಕಶಾನ್, ತಾಯಿ, ಇದು ನಿನಗೆ. ನಿಮ್ಮಪ್ಪನ ನಂಬರಿಗೇ ಕಳಿಸ್ತೀನಿ, ಹೆಂಗೂ ಕೇಳೋಳು ನೀನೇ ತಾನೆ.

ನಿಮ್ಮ ಮನೆ ಮುಂದೆ ನಿಂತಿದ್ದೀನಿ ಕಣಮ್ಮ. ನೀಲಿ ಗೇಟು, ಪಕ್ಕದಲ್ಲಿ ಸೀಬೆ ಗಿಡ, ಇದೇ ಅಲ್ವಾ? ನಮ್ಮವ್ವನ್ನೂ ಕರ್ಕೊಂಡು ಬಂದಿದ್ದೀನಿ. ಕರ್ಕೊಂಡು ಬಂದೆ ಅನ್ನೋದು ಸುಳ್ಳು, ಅದೇ ನನ್ನ ಎಳ್ಕೊಂಡು ಬಂತು. ಕೋಡಿಹಳ್ಳಿಯಿಂದ ಕನಕಪುರ, ಕನಕಪುರದಿಂದ ರಾಮನಗರ, ರಾಮನಗರದಿಂದ ಇಲ್ಲಿಗೆ. ಮೂರೂ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು ಅಂತ ಹಟ. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಹುರುಳಿ ಬಸ್ಸಾರು ಚೆಲ್ಲುತ್ತೆ ಬ್ಯಾಡ ಅಂದೆ, ಕೇಳ್ಲಿಲ್ಲ. ಒಸಿ ಚೆಲ್ತು. ನನ್ನ ಪ್ಯಾಂಟ್ ಮೇಲೆ.

ಬೆಲ್ ಒತ್ತೋಕೆ ಹೋದೆ, ಅದಾದ್ರೂ ಅವನಿಗೆ ಕೇಳಿಸಲ್ಲವಲ್ಲ ಅಂತ ಕೈ ಅಲ್ಲೇ ನಿಲ್ತು. ದಾರಿ ಪೂರ್ತಿ ಏನೇನೋ ಮಾತು ಜೋಡಿಸ್ಕೊಂಡು ಬಂದೆ ಕಣಮ್ಮ. ಈಗ ನೋಡಿದ್ರೆ ಅವು ಯಾವ್ದೂ ಅವನಿಗೆ ಮುಟ್ಟಲ್ಲ. ನನ್ನ ಹತ್ರ ಇರೋದು ಬಾಯಿ ಒಂದೇ. ಎದುರು ನಿಂತು ಬಾಯಿ ಆಡ್ಸಿದ್ರೆ ಅವನು ಹೂಂ ಹೂಂ ಅಂತಾನೆ, ಅದನ್ನ ಕಂಡು ನಾನು... ಅದಕ್ಕೇ ಇಲ್ಲೇ ನಿಂತು ನಿಂಗೆ ಹೇಳ್ತಿದ್ದೀನಿ, ನೀನು ಬರ್ದು ಅವನ ಕೈಗೆ ಕೊಟ್ಟ ಮೇಲೆ ಒಳಗೆ ಬರೋಣ ಅಂತ.

ಬರ್ಕೋ. ಮಹೀನ, ಆವತ್ತು ಫೋನಲ್ಲಿ ಹೇಳಿದ್ದನ್ನೇ ಇವತ್ತೂ ಹೇಳ್ತೀನಿ. ಬಾರ್ಲಾ, ಇಬ್ರೂ ಕೂತು ಮಾಡೋಣ. ನೀನು ಬೆರಳಿಟ್ಟು ತೋರ್ಸು ಸಾಕು, ನೀನು ಮಾತಾಡೋದೇನೂ ಬ್ಯಾಡ, ನಿನ್ನ ಪಾಲಿನ ಮಾತೂ ನಾನೇ ಆಡ್ತೀನಿ. ಮತ್ತೆ ಕಿವಿ ವಿಷ್ಯ ನನ್ನತ್ರ ಯಾಕ್ಲಾ ಮುಚ್ಚಿಟ್ಟೆ, ನಾನೇನು...

ಅವ್ವ! ಅವ್ವ, ತಡಿ, ನಾನು ಬತ್ತೀನಿ, ಮೆಟ್ಲು... ಅಯ್ಯೋ, ಗೇಟು ತಗ್ದು ಹೊಂಟೇ ಹೋಯ್ತು ಕಣಮ್ಮ, ಡಬ್ಬಿ ಹಿಡ್ಕೊಂಡು. ಬಾಗ್ಲಲ್ಲಿ ಯಾರೋ... ತಾಹೇರಾ ಅವರು. ಹಿಂದೆ ಅವನು. ತಲೆ ಪೂರ್ತಿ ಬೆಳ್ಳಗಾಗೈತಲ್ಲ. ನಮ್ಮವ್ವ ಡಬ್ಬೀನ ತಾಹೇರಾ ಅವರ ಕೈಗೆ ತುರುಕಿ, ಅವನ ಮುಖಾನ ಎರಡು ಕೈಯಲ್ಲಿ ಹಿಡ್ಕೊಂಡು ನೋಡ್ತಾ ಐತೆ. ಸುಮ್ನೆ ನೋಡ್ತಾ ಐತೆ, ಎದ್ದವ್ನಾ ಅಂತ.

ಇಲ್ಲಿ ನೋಡ್ದ. ನನ್ನ ನೋಡ್ದ. ಕೂಗ್ತಾ ಅವ್ನೆ. ಅವನಿಗೆ ಕೇಳಿಸಲ್ಲ ಅಂತ ಬೀದಿಗೆಲ್ಲ ಕೇಳೋ ಹಂಗೆ...

"ಲೇ ಕುಮಾರ! ಬಾಗ್ಲಲ್ಲಿ ನಿಂತ್ಕೊಂಡು ಯಾರ ಹತ್ರ ಮಾತಾಡ್ತಿದ್ದೀಯ್ಲಾ?"

ನಿನ್ನ ಹತ್ರಾನೇ ಕಣ್ಲಾ!

ಕೆಹಕಶಾನ್, ಇದನ್ನ ಬರೀಬ್ಯಾಡ ತಾಯಿ. ಕರೀತಾ ಅವ್ನೆ, ಇಡ್ತೀನಿ.